ಕರೆಂಟು ಹೋದಾಗ ಬಾಗಿಲು ಏನು ಮಾಡಬೇಕು? ಕೀಪ್ಯಾಡ್, ಟ್ಯಾಗ್ ಲಾಕ್ ಕೂರಿಸಲು ಕಲಿಯುವವರಿಗೆ ಟಿಪ್ಪಣಿ

ಮೈಸೂರಿನಲ್ಲಿ ಒಂದು ಮೂರು ಮಹಡಿಯ ಬಾಡಿಗೆ ಮನೆ. ಮೆಟ್ಟಿಲ ಬುಡದಲ್ಲಿ ಎಲ್ಲರಿಗೂ ಒಂದೇ ಬಾಗಿಲು. ಹನ್ನೊಂದು ಬಾಡಿಗೆದಾರರು, ಹನ್ನೊಂದು ಬೀಗದ ಕೈ. ಒಬ್ಬರು ಕೀ ಕಳೆದುಕೊಂಡರೆ ಬೀಗವನ್ನೇ ಬದಲಾಯಿಸಬೇಕು. ಅದಕ್ಕೇ ಮನೆಯವರು ಕಡಿಮೆ ಬೆಲೆಯ ಕೀಪ್ಯಾಡ್ ಲಾಕ್ ಹಾಕಿಸಲು ಹೊರಟರು. ಪಿನ್ ಒತ್ತಿದರೆ ಅಥವಾ ಟ್ಯಾಗ್ ಎಂಬ ಚಿಕ್ಕ ಬಿಲ್ಲೆ ಹತ್ತಿರ ಹಿಡಿದರೆ ಬಾಗಿಲು ತೆರೆಯುತ್ತದೆ. ನಾನು ಡಬ್ಬಿ ಬಿಚ್ಚುತ್ತಿದ್ದಾಗ ಮನೆಯ ಅಮ್ಮ ಬಂದು ಕೇಳಿದರು: "ಕರೆಂಟು ಹೋದ್ರೆ ಬಾಗಿಲು ತೆರ್ಕೊಳ್ಳತ್ತಾ, ಇಲ್ಲ ಮುಚ್ಕೊಂಡೇ ಇರತ್ತಾ?"

ಈ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಯಾವ ಲಾಕ್ ಕೊಳ್ಳಬೇಕು, ಕೀಪ್ಯಾಡಿನ ಒಳಗಿನ ಸ್ವಿಚ್, ಅಂದರೆ ರಿಲೇಯ ಯಾವ ತಂತಿಗೆ ಸೇರಿಸಬೇಕು, ಬ್ಯಾಟರಿ ಎಷ್ಟು ದೊಡ್ಡದು ಬೇಕು ಎಂಬುದೆಲ್ಲ ಇದರ ಉತ್ತರದ ಮೇಲೆ ನಿಂತಿದೆ. ಹಾಗಾಗಿ ಈ ಟಿಪ್ಪಣಿಯನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಎರಡು ಜಾತಿಯ ಲಾಕ್

ಒಂದು ಜಾತಿಗೆ ಹಿಡಿದುಕೊಳ್ಳಲು ಕರೆಂಟು ಬೇಕು. ಕರೆಂಟು ಹೋದರೆ ಬಿಟ್ಟುಬಿಡುತ್ತದೆ. ಇದಕ್ಕೆ ಫೇಲ್ ಸೇಫ್ ಎನ್ನುತ್ತಾರೆ. ಅಂಗಡಿಯಲ್ಲಿ ಇಎಂ ಲಾಕ್ ಎಂದು ಕೇಳಿದರೆ ಕೊಡುವ ಮ್ಯಾಗ್ನೆಟ್ ಲಾಕ್ ಈ ಜಾತಿಯದು. ಇನ್ನೊಂದಕ್ಕೆ ಬಿಡಿಸಿಕೊಳ್ಳಲು ಕರೆಂಟು ಬೇಕು. ಕರೆಂಟು ಹೋದರೆ ಹೊರಗಿನವರಿಗೆ ಮುಚ್ಚಿಯೇ ಇರುತ್ತದೆ. ಇದು ಫೇಲ್ ಸೆಕ್ಯೂರ್. ಚೌಕಟ್ಟಿನಲ್ಲಿ ಕೂತು ಬೀಗದ ನಾಲಿಗೆಯನ್ನು ಹಿಡಿಯುವ ಎಲೆಕ್ಟ್ರಿಕ್ ಸ್ಟ್ರೈಕ್‌ಗಳಲ್ಲಿ ಹೆಚ್ಚಿನವು ಹೀಗೆ ಕೆಲಸ ಮಾಡುತ್ತವೆ. ಒಳಗಿನವರು ಹಿಡಿಕೆ ತಿರುಗಿಸಿ ಹೊರಗೆ ಬರಬಹುದು.

ನಮ್ಮ ಬಾಗಿಲು ಮೂರು ಮಹಡಿಯ ಜನರಿಗೆ ಹೊರಗೆ ಹೋಗುವ ಒಂದೇ ದಾರಿ. ಬೆಂಕಿ ಬಿದ್ದರೆ, ಹೊಗೆ ತುಂಬಿದರೆ ಯಾರೂ ಟ್ಯಾಗ್ ಹುಡುಕುತ್ತಾ ನಿಲ್ಲಬಾರದು. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಕೂಡ ಹೊರಹೋಗುವ ಬಾಗಿಲು ಒಳಗಿನಿಂದ ಕೀ ಇಲ್ಲದೆ ತೆರೆಯುವಂತಿರಬೇಕು ಎನ್ನುತ್ತದೆ. ಆದ್ದರಿಂದ ಮ್ಯಾಗ್ನೆಟ್ ಲಾಕ್ ಆರಿಸಿದೆವು. ಕರೆಂಟು ಹೋದಾಗಲೂ ಬಾಗಿಲು ಹಿಡಿದಿರಲಿ ಎಂದು ಬ್ಯಾಟರಿ ಇಟ್ಟೆವು. ಒಳಗಡೆ ಎಕ್ಸಿಟ್ ಬಟನ್ ಜೊತೆಗೆ ಇನ್ನೊಂದು ತುರ್ತು ಸ್ವಿಚ್ಚನ್ನೂ ಹಾಕಿದೆವು.

ಈ ಎರಡನೇ ಸ್ವಿಚ್ ಸುಮ್ನೆ ಹಾಕಿದ್ದಲ್ಲ. ಎಕ್ಸಿಟ್ ಬಟನ್ ಒತ್ತಿದಾಗ ಅದು ಕೀಪ್ಯಾಡಿಗೆ "ತೆರೆ" ಎಂದು ಹೇಳುತ್ತದೆ ಅಷ್ಟೇ. ಬಾಗಿಲು ಬಿಡುವುದು ಕೀಪ್ಯಾಡಿನ ರಿಲೇ. ಕೀಪ್ಯಾಡೇ ಕೆಟ್ಟು ನಿಂತರೆ ಬಟನ್ ಎಷ್ಟು ಒತ್ತಿದರೂ ಪ್ರಯೋಜನ ಇಲ್ಲ. ತುರ್ತು ಸ್ವಿಚ್ ಹಾಗಲ್ಲ. ಅದು ಲಾಕಿಗೆ ಹೋಗುವ ತಂತಿಯ ನಡುವೆಯೇ ಕೂತಿರುತ್ತದೆ. ಒತ್ತಿದ ಕೂಡಲೇ ಲಾಕಿನ ಕರೆಂಟು ಕಡಿದುಹೋಗುತ್ತದೆ. ಮಧ್ಯದಲ್ಲಿ ಯಾವ ಎಲೆಕ್ಟ್ರಾನಿಕ್ಸೂ ಇಲ್ಲ. ದುಡ್ಡು ಉಳಿಸಲು ಇದನ್ನು ಕೈಬಿಡುವವರನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ.

ತಂತಿಗಳ ಬಣ್ಣ

ಕೀಪ್ಯಾಡಿನ ಹಿಂದೆ ಬಣ್ಣಬಣ್ಣದ ತಂತಿಗಳ ಗೊಂಚಲು ಇರುತ್ತದೆ. ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ಕೆಂಪು ಅಂದರೆ 12 ವೋಲ್ಟ್, ಕಪ್ಪು ಅಂದರೆ ಗ್ರೌಂಡ್. ಹಳದಿ ಎಕ್ಸಿಟ್ ಬಟನ್ನಿಗೆ. ನೀಲಿ, ನೇರಳೆ, ಕಿತ್ತಳೆ ಈ ಮೂರು ರಿಲೇಯವು: ಎನ್‌ಒ (ನಾರ್ಮಲಿ ಓಪನ್), ಕಾಮ್ (ಕಾಮನ್), ಎನ್‌ಸಿ (ನಾರ್ಮಲಿ ಕ್ಲೋಸ್ಡ್). ಆದರೂ ಬಣ್ಣವನ್ನು ನಂಬಿ ಕೂರಬೇಡಿ. ಡಬ್ಬಿಯಲ್ಲಿ ಬಂದ ಹಾಳೆ ತೆಗೆದು ಒಂದೊಂದೇ ತಾಳೆ ನೋಡಿ.

ರಿಲೇ ಅಂದರೆ ಕೀಪ್ಯಾಡ್ ತಾನೇ ಒತ್ತುವ ಒಂದು ಸ್ವಿಚ್. ಸುಮ್ಮನೆ ಇದ್ದಾಗ ಕಾಮ್ ಮತ್ತು ಎನ್‌ಸಿ ಸೇರಿರುತ್ತವೆ. ಸರಿಯಾದ ಪಿನ್ ಬಿದ್ದರೆ ಅವು ಬಿಟ್ಟುಕೊಂಡು, ಕಾಮ್ ಮತ್ತು ಎನ್‌ಒ ಸೇರುತ್ತವೆ. ಮ್ಯಾಗ್ನೆಟ್ಟಿಗೆ ಯಾವಾಗಲೂ ಕರೆಂಟು ಇರಬೇಕು, ತೆರೆಯುವಾಗ ಮಾತ್ರ ಹೋಗಬೇಕು, ಅಲ್ವಾ? ಹಾಗಾದರೆ ಅದಕ್ಕೆ ಎನ್‌ಸಿ. ಫೇಲ್ ಸೆಕ್ಯೂರ್ ಸ್ಟ್ರೈಕ್‌ಗೆ ತೆರೆಯುವಾಗ ಮಾತ್ರ ಕರೆಂಟು ಬೇಕು. ಅದಕ್ಕೆ ಎನ್‌ಒ. ಇದನ್ನು ಬಾಯಿಪಾಠ ಮಾಡಬೇಕಿಲ್ಲ. ಕರೆಂಟು ಯಾವಾಗ ಬೇಕು ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಬರುತ್ತದೆ.

ನಮ್ಮ ಜೋಡಣೆ ಹೀಗಿತ್ತು: ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಸಪ್ಲೈ ಪೆಟ್ಟಿಗೆಯ ಪ್ಲಸ್ ಕಾಮ್‌ಗೆ, ಎನ್‌ಸಿಯಿಂದ ತುರ್ತು ಸ್ವಿಚ್ಚಿಗೆ, ಅಲ್ಲಿಂದ ಲಾಕಿನ ಪ್ಲಸ್‌ಗೆ, ಲಾಕಿನ ಮೈನಸ್ ವಾಪಸ್ ಸಪ್ಲೈಗೆ.

ಇಡೀ ಜೋಡಣೆಯನ್ನು ಮೊದಲು ಮೇಜಿನ ಮೇಲೆ ಮಾಡಿ. ಲಾಕ್, ಕೀಪ್ಯಾಡ್, ಬಟನ್, ಸಪ್ಲೈ ಎಲ್ಲ ಒಂದೇ ಕಡೆ ಇಟ್ಟು ಪಿನ್ ಒತ್ತಿ ನೋಡಿ. ಬಾಗಿಲು ತೆರೆಯುವಾಗಲೆಲ್ಲ ಕೀಪ್ಯಾಡ್ ಆಫ್ ಆಗಿ ಆನ್ ಆದರೆ ಅದು ಲಾಕಿನ ಸುರುಳಿಯ ಹೊಡೆತ. ಸುರುಳಿಯ ಕರೆಂಟು ಥಟ್ಟನೆ ಕಡಿದಾಗ ಅದು ದೊಡ್ಡ ವೋಲ್ಟೇಜನ್ನು ಹಿಂದಕ್ಕೆ ಒದೆಯುತ್ತದೆ. ಲಾಕಿನ ಎರಡು ತುದಿಗೆ ಅಡ್ಡಲಾಗಿ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು 1ಎನ್4007 ಡಯೋಡ್ ಹಾಕಿ. ಬಿಳಿ ಪಟ್ಟಿ ಇರುವ ಕಡೆ ಪ್ಲಸ್‌ಗೆ. ತಿರುಗಿ ಹಾಕಿದರೆ ನೇರ ಶಾರ್ಟ್ ಆಗುತ್ತದೆ, ಎರಡು ಸಲ ನೋಡಿ ಹಾಕಿ. ಡಯೋಡ್ ಇದ್ದರೆ ಮ್ಯಾಗ್ನೆಟ್ ಬಿಡುವುದು ಸ್ವಲ್ಪ ನಿಧಾನ ಆಗುತ್ತದೆ. ಅದು ದೋಷವಲ್ಲ.

ತೆಳ್ಳನೆಯ ತಂತಿಯ ಲೆಕ್ಕ

ನಾನು ಅತಿ ಹೆಚ್ಚು ಸಮಯ ಕಳೆದುಕೊಂಡದ್ದು ಇಲ್ಲಿ. ಕೈಯಲ್ಲಿ ನೆಟ್‌ವರ್ಕ್ ಕೇಬಲ್ ಇತ್ತು, ಅದರದೇ ಒಂದು ಜೋಡಿಯನ್ನು ಲಾಕಿಗೆ ಎಳೆದೆ. ಸಪ್ಲೈ ಹತ್ತಿರ ಮಲ್ಟಿಮೀಟರ್ 12.1 ತೋರಿಸಿತು. ಏಣಿ ಹತ್ತಿ ಲಾಕಿನ ಹತ್ತಿರ ಹಿಡಿದರೆ 10.6. ಬಾಗಿಲನ್ನು ಭುಜ ಕೊಟ್ಟು ತಳ್ಳಿದರೆ ಬಿಟ್ಟುಕೊಳ್ಳುತ್ತಿತ್ತು.

ಲೆಕ್ಕ ಹಾಕಿ ನೋಡೋಣ. 600 ಪೌಂಡ್, ಅಂದರೆ ಡಬ್ಬಿಯ ಮೇಲೆ 280 ಕೆಜಿ ಎಂದು ಬರೆದಿರುವ ಮ್ಯಾಗ್ನೆಟ್ ಲಾಕ್ 12 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆಯುತ್ತದೆ. ದೂರ 12 ಮೀಟರ್. ಕರೆಂಟು ಹೋಗಿ ಬರಬೇಕು, ಆದ್ದರಿಂದ ತಂತಿ 24 ಮೀಟರ್. ಕ್ಯಾಟ್ 5ಇ ಕೇಬಲ್ಲಿನ ತಾಮ್ರದ ಎಳೆಗೆ ಮೀಟರಿಗೆ ಸುಮಾರು 0.084 ಓಮ್. 24 ಮೀಟರಿಗೆ 2 ಓಮ್. ಅರ್ಧ ಆಂಪಿಯರಿಗೆ 1 ವೋಲ್ಟ್ ದಾರಿಯಲ್ಲೇ ಹೋಯಿತು. ನನ್ನದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್. ಅದರ ತಡೆ ಶುದ್ಧ ತಾಮ್ರಕ್ಕಿಂತ ಸುಮಾರು ಒಂದೂವರೆ ಪಟ್ಟು. ಆ ಒಂದೂವರೆ ವೋಲ್ಟ್ ಎಲ್ಲಿ ಹೋಯಿತು ಎಂದು ಈಗ ಗೊತ್ತಾಯಿತಲ್ಲ. ಮ್ಯಾಗ್ನೆಟ್ಟಿನ ಹಿಡಿತ ಹೆಚ್ಚುಕಡಿಮೆ ಕರೆಂಟಿನ ವರ್ಗದಂತೆ ಇಳಿಯುತ್ತದೆ. ಕರೆಂಟು ಎಂಟನೇ ಒಂದು ಭಾಗ ಕಡಿಮೆ ಆದರೆ ಹಿಡಿತ ಹತ್ತಿರಹತ್ತಿರ ಕಾಲು ಭಾಗ ಕಡಿಮೆ.

1 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದ ಮೇಲೆ ಅದೇ ದೂರಕ್ಕೆ ಕಾಲು ವೋಲ್ಟೂ ಬೀಳಲಿಲ್ಲ. ಕೀಪ್ಯಾಡ್ ಮತ್ತು ಬಟನ್ನಿಗೆ ತೆಳ್ಳನೆಯ ವೈರು ಸಾಕು, ಅವು ಎಳೆಯುವ ಕರೆಂಟು ಕಡಿಮೆ. 230 ವೋಲ್ಟಿನ ವೈರು ಮತ್ತು ಈ 12 ವೋಲ್ಟಿನ ವೈರು ಒಂದೇ ಪೈಪಿನಲ್ಲಿ ಹೋಗಬಾರದು. ಸಪ್ಲೈನ ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಕೊಡಿ.

ಕಬ್ಬಿಣದ ಪಟ್ಟಿ ಅಲುಗಾಡಬೇಕು

ಮ್ಯಾಗ್ನೆಟ್ ಚೌಕಟ್ಟಿನ ಮೇಲ್ಭಾಗಕ್ಕೆ, ಒಳಗಿನ ಕಡೆ. ಅದಕ್ಕೆ ಅಂಟಿಕೊಳ್ಳುವ ಕಬ್ಬಿಣದ ಪಟ್ಟಿ ಬಾಗಿಲಿಗೆ. ಬಾಗಿಲು ಹೊರಗೆ ತೆರೆದರೆ ಮ್ಯಾಗ್ನೆಟ್ ನೇರವಾಗಿ ಅಥವಾ ಎಲ್ ಬ್ರಾಕೆಟ್ ಮೇಲೆ ಕೂರುತ್ತದೆ. ಒಳಗೆ ತೆರೆದರೆ ಝಡ್ ಬ್ರಾಕೆಟ್ಟೂ ಬೇಕು. ಕೊಳ್ಳುವ ಮೊದಲು ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಬರೆದುಕೊಂಡು ಹೋಗಿ. ಬೆಂಗಳೂರಿನವರಾದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಗೆ ಎರಡು ಸಲ ಓಡಾಡುವುದು ತಪ್ಪುತ್ತದೆ.

ಪಟ್ಟಿಯ ನಡುವೆ ಒಂದೇ ದಪ್ಪ ಬೋಲ್ಟು. ಅದರ ಹಿಂದೆ ರಬ್ಬರ್ ವಾಷರ್. ಹೊಸಬರ ಕೈ ತಾನಾಗಿ ಈ ಬೋಲ್ಟನ್ನು ಗಟ್ಟಿಯಾಗಿ ಬಿಗಿಯುತ್ತದೆ. ಬಿಗಿದರೆ ಕೆಟ್ಟಿತು. ಬಾಗಿಲು ಎಂದೂ ನೂರಕ್ಕೆ ನೂರು ನೇರ ಇರುವುದಿಲ್ಲ. ಪಟ್ಟಿ ರಬ್ಬರಿನ ಮೇಲೆ ಕೊಂಚ ಓಲಾಡಿ, ತಾನೇ ಮ್ಯಾಗ್ನೆಟ್ಟಿನ ಮುಖಕ್ಕೆ ಹೊಂದಿಕೊಳ್ಳಬೇಕು. ಎರಡರ ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ಹಿಡಿತ ಬಿದ್ದುಹೋಗುತ್ತದೆ.

ಪರೀಕ್ಷೆ ಸುಲಭ. ಒಂದು ಹಾಳೆಯನ್ನು ಸೀಳಿ ನಾಲ್ಕು ಪಟ್ಟಿ ಮಾಡಿ. ಮ್ಯಾಗ್ನೆಟ್ಟಿನ ನಾಲ್ಕು ಮೂಲೆಗೆ ಒಂದೊಂದು ಇಟ್ಟು ಬಾಗಿಲು ಮುಚ್ಚಿ, ಒಂದೊಂದನ್ನೇ ಎಳೆಯಿರಿ. ನಾಲ್ಕೂ ಹರಿಯಬೇಕೇ ಹೊರತು ಜಾರಿ ಬರಬಾರದು. ನನ್ನ ಮೊದಲ ಸಲ ಕೆಳಗಿನ ಎರಡು ಪಟ್ಟಿ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದವು. ಬೋಲ್ಟನ್ನು ಅರ್ಧ ಸುತ್ತು ಸಡಿಲ ಮಾಡಿದ ಮೇಲೆ ನಾಲ್ಕೂ ಹರಿದವು. ಈ ಎರಡು ಮುಖಗಳಿಗೆ ಬಣ್ಣ ಹಚ್ಚಬೇಡಿ, ಅರ ಹಾಕಿ ಉಜ್ಜಬೇಡಿ. ಆಗಾಗ ಒಣಬಟ್ಟೆಯಲ್ಲಿ ಒರೆಸಿ.

ಬ್ಯಾಟರಿ

ಲಾಕ್ 0.5, ಕೀಪ್ಯಾಡ್ 0.1, ಒಟ್ಟು 0.6 ಆಂಪಿಯರ್. 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿ ಕಾಗದದ ಮೇಲೆ ಹನ್ನೊಂದೂವರೆ ಗಂಟೆ ಬರಬೇಕು. ಹೊಸ ಬ್ಯಾಟರಿಗೂ 8 ಗಂಟೆ ಎಂದೇ ಹಿಡಿಯಿರಿ, ವರ್ಷ ಕಳೆದಂತೆ ಇನ್ನೂ ಕಡಿಮೆ. ಸಪ್ಲೈ 3 ಆಂಪಿಯರಿನದಾದರೆ ಇದನ್ನೆಲ್ಲ ನಡೆಸಿ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಪ್ಲೈಯನ್ನು ಆ ಲೈನಿಗೆ ಸೇರಿಸಿ.

ಟ್ಯಾಗ್ ಒಳಗೆ ಏನಿದೆ

ಕೀ ಚೈನಿಗೆ ಸಿಕ್ಕಿಸುವ ನೀಲಿ ಬಿಲ್ಲೆಗೆ ಬ್ಯಾಟರಿ ಇಲ್ಲ. ಟ್ಯಾಗ್ ಓದುವ ಭಾಗ, ಅಂದರೆ ಕೀಪ್ಯಾಡಿನ ಒಳಗಿನ ರೀಡರ್ ಹೊರಡಿಸುವ 125 ಕಿಲೋಹರ್ಟ್ಸ್ ಕಾಂತಕ್ಷೇತ್ರದಿಂದಲೇ ಅದು ಜೀವ ಪಡೆದು ತನ್ನ ನಂಬರನ್ನು ಹೇಳುತ್ತದೆ. ಇಎಂ4100 ಜಾತಿಯ ಟ್ಯಾಗಿನಲ್ಲಿ ಒಟ್ಟು 64 ಬಿಟ್, ಅದರಲ್ಲಿ ಮಾಹಿತಿ 40 ಬಿಟ್. ಮೇಲೆ 0012345678 188,24910 ಎಂದು ಅಚ್ಚಾಗಿದ್ದರೆ ಎರಡೂ ಒಂದೇ ನಂಬರು. 188ನ್ನು 65536ರಿಂದ ಗುಣಿಸಿ 24910 ಕೂಡಿಸಿ ನೋಡಿ, 12345678 ಬರುತ್ತದೆ.

ಇದರಲ್ಲಿ ಗುಟ್ಟು ಎಂಬುದೇ ಇಲ್ಲ. ಯಾವ ರೀಡರ್ ಹತ್ತಿರ ಬಂದರೂ ನಂಬರು ಹೇಳಿಬಿಡುತ್ತದೆ. ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರದಿಂದ ಕ್ಷಣದಲ್ಲಿ ನಕಲು ಮಾಡಬಹುದು. ಇದನ್ನು ಮನೆಯವರಿಗೆ ಮೊದಲೇ ಬಿಡಿಸಿ ಹೇಳಿ, ಮುಚ್ಚಿಡಬೇಡಿ. ಟ್ಯಾಗ್ ಮತ್ತು ಪಿನ್ ಎರಡೂ ಕೇಳುವ ವ್ಯವಸ್ಥೆ ಕೀಪ್ಯಾಡಿನಲ್ಲಿ ಇದ್ದರೆ ಬಳಸಿ.

ನಾಲ್ಕಂಕಿಯ ಪಿನ್ನಿಗೆ 10,000 ಸಾಧ್ಯತೆ. ಆದರೆ ಎಲ್ಲರೂ ಒಂದೇ ಪಿನ್ ಒತ್ತಿದರೆ ಸ್ವಲ್ಪ ದಿನದಲ್ಲೇ ಆ ನಾಲ್ಕು ಗುಂಡಿ ಸವೆದು ಹೊಳೆಯುತ್ತವೆ. ಯಾವ ನಾಲ್ಕು ಎಂದು ಗೊತ್ತಾದರೆ ಉಳಿಯುವುದು ಬರೀ 24. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಪಿನ್ ಕೊಡಿ. ತಪ್ಪು ಪಿನ್ ಹಲವು ಸಲ ಬಿದ್ದರೆ ಕೀಪ್ಯಾಡ್ ಕೆಲಹೊತ್ತು ಸುಮ್ಮನಾಗುವ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಕಾರ್ಖಾನೆಯಿಂದ ಬಂದ ಮಾಸ್ಟರ್ ಕೋಡ್, ಬಹಳ ಕಡೆ 123456 ಇರುತ್ತದೆ, ಅದನ್ನು ಗೋಡೆಗೆ ಹಾಕುವ ಮೊದಲೇ ಬದಲಾಯಿಸಿ.

ಕಬ್ಬಿಣದ ಗೇಟಿಗೆ ಕೀಪ್ಯಾಡನ್ನು ನೇರ ಅಂಟಿಸಿದರೆ ಟ್ಯಾಗ್ ಓದುವ ದೂರ ಕಡಿಮೆ ಆಗುತ್ತದೆ. ನಡುವೆ ಪ್ಲಾಸ್ಟಿಕ್ ತುಂಡು ಕೊಡಿ. ಮಳೆಗೆ ಮೇಲೆ ಮತ್ತು ಎರಡು ಪಕ್ಕ ಸಿಲಿಕೋನ್ ಹಚ್ಚಿ, ಕೆಳಗೆ ಬಿಡಿ, ಒಳಗೆ ಸೇರಿದ ನೀರು ಇಳಿಯಲಿ. ಆದರೆ ವೈರು ಬರುವ ತೂತನ್ನು ಮುಚ್ಚಿ. ಇರುವೆಗಳಿಗೆ ಬೆಚ್ಚನೆಯ ಡಬ್ಬಿ ಬಹಳ ಇಷ್ಟ.

ದೊಡ್ಡ ಕೊರತೆ ಒಂದಿದೆ. ರಿಲೇ ಕೀಪ್ಯಾಡಿನ ಒಳಗೇ ಇದೆ, ಕೀಪ್ಯಾಡ್ ಬೀದಿ ಕಡೆ ಇದೆ. ಸ್ಕ್ರೂ ಬಿಚ್ಚಿ ಹೊರಗೆಳೆದವನಿಗೆ ಲಾಕಿನ ವೈರೇ ಕೈಗೆ ಸಿಗುತ್ತದೆ. ಒಂದು ಕಡಿದರೆ ಬಾಗಿಲು ತೆರೆಯಿತು. ಹೊರಗೆ ಬರೀ ರೀಡರ್, ಒಳಗೆ ರಿಲೇ ಇರುವ ಕಂಟ್ರೋಲರ್ ಬರುವ ಜೋಡಿ ಇದಕ್ಕೆ ಸರಿಯಾದ ಪರಿಹಾರ. ಬೆಲೆ ಸ್ವಲ್ಪ ಜಾಸ್ತಿ, ಆದರೆ ಬೀದಿಗೆ ನೇರ ತೆರೆಯುವ ಬಾಗಿಲಿಗೆ ನಾನು ಅದನ್ನೇ ಹೇಳುತ್ತೇನೆ. ಮೈಸೂರಿನ ಮನೆಗೆ ಕಾಂಪೌಂಡ್ ಗೇಟು ಬೇರೆ ಇತ್ತು, ಕೀಪ್ಯಾಡ್ ಎದುರಿಗೆ ಕ್ಯಾಮೆರಾನೂ ಇತ್ತು. ಅದಕ್ಕೆ ಒಪ್ಪಿದೆ.

ಕೆಲಸ ಒಪ್ಪಿಸುವ ದಿನ

ಒಂದು ನೋಟ್‌ಬುಕ್ಕಿನಲ್ಲಿ ಕೀಪ್ಯಾಡಿನಲ್ಲಿ ಒಬ್ಬೊಬ್ಬರಿಗೆ ಕೊಟ್ಟ ಯೂಸರ್ ನಂಬರು, ಬಾಡಿಗೆದಾರರ ಹೆಸರು, ಟ್ಯಾಗಿನ ಮೇಲಿನ ಹತ್ತು ಅಂಕಿ ಬರೆದು ಅಮ್ಮನಿಗೆ ಕೊಟ್ಟೆ. ಟ್ಯಾಗ್ ಕಳೆದಾಗ ಅಳಿಸಲು ಬೇಕಾಗುವುದು ಈ ಯೂಸರ್ ನಂಬರೇ. ಇದು ಬರೆದಿಲ್ಲದಿದ್ದರೆ ಎಲ್ಲರದ್ದೂ ಅಳಿಸಿ ಮೊದಲಿನಿಂದ ಸೇರಿಸಬೇಕಾಗುತ್ತದೆ.

ಆಮೇಲೆ ಅವರ ಎದುರಿಗೇ ಎಂಸಿಬಿ ಕೆಳಗಿಳಿಸಿದೆ. ಮನೆಯ ದೀಪ ಆರಿತು, ಕೀಪ್ಯಾಡಿನ ಕೆಂಪು ದೀಪ ಹಾಗೇ ಇತ್ತು. ಅವರು ಬಾಗಿಲು ಎಳೆದು ನೋಡಿದರು, ಬರಲಿಲ್ಲ. ಎಕ್ಸಿಟ್ ಬಟನ್ ಒತ್ತಿಸಿದೆ, ತೆರೆಯಿತು. ಮತ್ತೆ ಮುಚ್ಚಿ ತುರ್ತು ಸ್ವಿಚ್ ಒತ್ತಿಸಿದೆ, ತೆರೆಯಿತು. ಕೊನೆಗೆ ಬ್ಯಾಟರಿಯ ವೈರನ್ನೂ ಕಿತ್ತೆ. ಮ್ಯಾಗ್ನೆಟ್ ಟಕ್ ಎಂದು ಬಿಟ್ಟಿತು. "ಓ, ಎಲ್ಲಾ ಹೋದ್ರೆ ತೆರ್ಕೊಳ್ಳತ್ತೆ" ಎಂದರು. ಹೌದಮ್ಮ ಎಂದೆ, ವೈರು ಸೇರಿಸಿ, ಬ್ಯಾಟರಿ ಹಾಕಿದ ತಾರೀಖನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದೆ.