ಮುರಿದ ಶಾಫ್ಟನ್ನು ಗುಜರಿಗೆ ಹಾಕುವ ಮುನ್ನ

ಎಂಜಿನಿಯರಿಂಗ್ ಫಲಿತಾಂಶ ಬಂದ ದಿನಗಳಲ್ಲಿ ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. "ಮಗ ಮೆಕ್ಯಾನಿಕಲ್ ಮುಗಿಸಿದ್ದಾನೆ ಸರ್, ಮುಂದೆ ಏನು ಮಾಡಿಸಬೇಕು?" ಎಂದು ಸಿಂಧನೂರಿನ ತಂದೆಯೊಬ್ಬರು ಕೇಳುತ್ತಾರೆ. "ಡಿಸೈನ್ ಕಡೆ ಹೋಗಬೇಕೆಂದಿದ್ದೇನೆ, ಯಾವ ಸಾಫ್ಟ್‌ವೇರ್ ಕಲಿಯಲಿ?" ಎಂದು ಬಳ್ಳಾರಿಯ ಹುಡುಗಿ ಕೇಳುತ್ತಾಳೆ. ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸಕ್ಕೆ ಸೇರಿದ ಡಿಪ್ಲೊಮಾ ಹುಡುಗನದು ಬೇರೆಯೇ ಕೊರಗು: ತನ್ನದು ಬರೀ ನಟ್ಟು ಬೋಲ್ಟು ಬಿಗಿಯುವ ಕೆಲಸ, ಡಿಸೈನ್ ಎಂಬುದು ಬೆಂಗಳೂರಿನ ತಣ್ಣನೆಯ ಕೋಣೆಗಳಲ್ಲಿ ನಡೆಯುವ ಇನ್ನೇನೋ ಎಂದು. ಮೂವರಿಗೂ ನಾನು ಮೊದಲು ಕೇಳುವ ಪ್ರಶ್ನೆ ಒಂದೇ. ಇತ್ತೀಚೆಗೆ ನಿಮ್ಮ ಕಣ್ಣೆದುರು ಮುರಿದ ಯಂತ್ರದ ಭಾಗ ಯಾವುದು, ಅದು ಎಲ್ಲಿ ಮುರಿದಿತ್ತು?

ಉತ್ತರ ಬರುವುದು ಅಪರೂಪ. ಇದು ನನಗೆ ಬೇಸರ ತರಿಸುತ್ತದೆ. ಏಕೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಡಿಸೈನ್ ಕಚೇರಿಗಳು ಕಡಿಮೆ ಇರಬಹುದು, ಮುರಿಯುವ ಯಂತ್ರಗಳಿಗೆ ಬರವಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪಗಳ ಅಕ್ಕಿ ಗಿರಣಿಗಳು; ಕೊಪ್ಪಳ, ಬಳ್ಳಾರಿ ಸುತ್ತಲಿನ ಸ್ಪಾಂಜ್ ಐರನ್ ಘಟಕಗಳ ತಿರುಗುವ ಕುಲುಮೆಗಳು; ಶಕ್ತಿನಗರ, ಕುಡಿತಿನಿ, ಯರಮರಸ್‌ಗಳ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು; ಹಟ್ಟಿಯ ಚಿನ್ನದ ಗಣಿ. ಇಂಥ ಪ್ರಯೋಗಾಲಯವನ್ನು ಯಾವ ಕಾಲೇಜೂ ಕಟ್ಟಿಕೊಡಲಾರದು.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಅಕ್ಕಿ ಗಿರಣಿಯೊಂದರಲ್ಲಿ ಹೊಟ್ಟು ಎಳೆಯುವ ಬ್ಲೋವರ್. ಅದರ ಶಾಫ್ಟ್, ಅಂದರೆ ರೆಕ್ಕೆಗಳನ್ನು ಹೊತ್ತು ತಿರುಗುವ ಉಕ್ಕಿನ ದಂಡ, ಮತ್ತೆ ಮತ್ತೆ ಮುರಿಯುತ್ತಿತ್ತು, ಅದೂ ಭತ್ತ ಬರುವ ಹಂಗಾಮಿನಲ್ಲೇ. ಸಾಹುಕಾರರು ಲೋಕಾರೂಢಿಯಂತೆ ನಡೆದುಕೊಂಡಿದ್ದರು. ಮೊದಲು ಸಾದಾ ಎಂಎಸ್ (ಮೈಲ್ಡ್ ಸ್ಟೀಲ್) ಬದಲು ಅದಕ್ಕಿಂತ ಗಟ್ಟಿ ಉಕ್ಕಾದ ಇಎನ್‌8 ಹಾಕಿಸಿದರು. ಅದೂ ಮುರಿದಾಗ ಶಾಫ್ಟನ್ನು 60 ಮಿಲಿಮೀಟರಿಗೆ ದಪ್ಪ ಮಾಡಿಸಿದರು. ಹೊಸ ಶಾಫ್ಟ್ ಹಳೆಯದಕ್ಕಿಂತ ಬೇಗ ಮುರಿಯಿತು. "ಈ ಸಲ ಇಎನ್‌24 ತರಿಸುತ್ತೇನೆ ಸಾಹೇಬರೇ, ಖರ್ಚಾದರೆ ಆಗಲಿ" ಎಂದರು. ಖರ್ಚು ಮಾಡುವುದಕ್ಕೆ ಮೊದಲು ಮುರಿದ ಎರಡು ತುಂಡುಗಳನ್ನು ತರಿಸಿರಿ ಎಂದೆ. ಅಷ್ಟರಲ್ಲಿ ಒಂದು ಗುಜರಿಗೆ ಹೋಗಿಯಾಗಿತ್ತು. ಇನ್ನೊಂದು ಸಿಕ್ಕಿತು.

ಮುರಿದ ಮುಖವನ್ನು ಸೀಮೆಎಣ್ಣೆಯಲ್ಲಿ ತೊಳೆದು ಓರೆ ಬೆಳಕಿನಲ್ಲಿ ಹಿಡಿದರೆ ಅದು ತನ್ನ ಚರಿತ್ರೆಯನ್ನು ಹೇಳುತ್ತದೆ. ಹೆಚ್ಚಿನ ಭಾಗ ನುಣುಪಾಗಿತ್ತು, ಅಂಚಿನಿಂದ ಒಳಗೆ ನದಿಯ ಮರಳದಂಡೆಯಲ್ಲಿ ನೀರು ಇಳಿದಾಗ ಉಳಿಯುವ ಗೆರೆಗಳಂತೆ ಬಾಗಿದ ಗುರುತುಗಳು. ಕೊನೆಯಲ್ಲಿ ಒರಟಾದ ಪುಟ್ಟ ಜಾಗ. ನುಣುಪು ಭಾಗ ಬಿರುಕು ದಿನದಿನವೂ ಬೆಳೆದ ದಾರಿ. ಒರಟು ಭಾಗ ಉಳಿದಷ್ಟು ಲೋಹ ಕೊನೆಗೊಮ್ಮೆ ಕೈಬಿಟ್ಟ ಕ್ಷಣ. ಇದಕ್ಕೆ ಫಟೀಗ್ ಎನ್ನುತ್ತಾರೆ, ಲೋಹದ ದಣಿವು. ಒರಟು ಜಾಗ ಚಿಕ್ಕದಿದ್ದರೆ ಶಾಫ್ಟಿನ ಮೇಲಿದ್ದ ಹೊರೆ ದೊಡ್ಡದಲ್ಲ ಎಂದು ತಿಳಿಯಬೇಕು, ಏಕೆಂದರೆ ಅಷ್ಟೇ ಲೋಹ ಕೊನೆಯವರೆಗೂ ಅದನ್ನು ಹೊತ್ತಿದೆ. ಅಂದಮೇಲೆ ತಪ್ಪು ಶಾಫ್ಟಿನ ದಪ್ಪದಲ್ಲಿ ಇರಲಿಲ್ಲ, ಬಿರುಕು ಶುರುವಾದ ಜಾಗದಲ್ಲಿತ್ತು. ಆ ಜಾಗ ಬೇರಿಂಗ್ ಕೂರುವ ಭಾಗ ಮುಗಿದು ದಪ್ಪ ಭಾಗ ಶುರುವಾಗುವ ಮೆಟ್ಟಿಲಿನ ಒಳಮೂಲೆ.

ಸಾಹುಕಾರರು 60 ಮಿಲಿಮೀಟರ್ ಮಾಡಿಸಿದ್ದು ಶಾಫ್ಟಿನ ನಡುಭಾಗವನ್ನು ಮಾತ್ರ. ಬೇರಿಂಗೂ ಅದನ್ನು ಹಿಡಿದಿಡುವ ಪ್ಲಮ್ಮರ್ ಬ್ಲಾಕೂ ಹಳೆಯವೇ ಆದ್ದರಿಂದ ಆ ಜಾಗ 50 ಮಿಲಿಮೀಟರಿನಲ್ಲೇ ಉಳಿಯಿತು. ಮೆಟ್ಟಿಲು ಇನ್ನಷ್ಟು ಎತ್ತರವಾಯಿತು, ಮೂಲೆ ಹಾಗೇ ಚೂಪಾಗಿ ಉಳಿಯಿತು. ಚೂಪಾದ ಒಳಮೂಲೆಯಲ್ಲಿ ಒತ್ತಡ ಲೆಕ್ಕದ ಹಾಳೆಯಲ್ಲಿ ಬಂದದ್ದಕ್ಕಿಂತ ಎರಡು ಮೂರು ಪಟ್ಟು ಏರುತ್ತದೆ. ಅದೇ ಮೂಲೆಯನ್ನು ಸಾಕಷ್ಟು ದುಂಡಗೆ ಮಾಡಿದರೆ ಒಂದೂವರೆ ಪಟ್ಟಿನ ಆಸುಪಾಸಿಗೆ ಇಳಿಯುತ್ತದೆ. ಮೆಟ್ಟಿಲಿನ ಎತ್ತರ ಹೆಚ್ಚಿದಷ್ಟೂ ಈ ಏರಿಕೆ ಜಾಸ್ತಿ. ದುಡ್ಡು ಕೊಟ್ಟು ಶಾಫ್ಟಿನ ಆಯುಷ್ಯ ಕಡಿಮೆ ಮಾಡಿಸಿದ ಹಾಗಾಗಿತ್ತು.

ಇಎನ್‌24 ಹಾಕಿದ್ದರೆ? ಗಟ್ಟಿ ಉಕ್ಕು ನಿಜ. ಆದರೆ ಉಕ್ಕು ಗಟ್ಟಿಯಾದಷ್ಟೂ ಚೂಪು ಮೂಲೆಗೂ ಗೀರಿಗೂ ಅದು ಹೆಚ್ಚು ಸೂಕ್ಷ್ಮ. ಕಾಗದದ ಮೇಲೆ ಕಂಡ ಲಾಭ ಪೂರ್ತಿ ಕೈಗೆ ಬರುವುದಿಲ್ಲ. ವಿದ್ಯಾರ್ಥಿಗಳು ಮರೆಯುವ ಇನ್ನೊಂದು ಸಂಗತಿ, ಶಾಫ್ಟ್ ಬಾಗುವುದನ್ನು ತಡೆಯಲು ದುಬಾರಿ ಉಕ್ಕು ಉಪಯೋಗಕ್ಕೆ ಬಾರದು. ಎಂಎಸ್ ಆಗಲಿ ಇಎನ್‌24 ಆಗಲಿ, ಬಾಗುವುದಕ್ಕೆ ಲೋಹ ಎಷ್ಟು ಪ್ರತಿರೋಧ ಒಡ್ಡುತ್ತದೆ ಎಂಬುದನ್ನು ಹೇಳುವ ಸ್ಥಿತಿಸ್ಥಾಪಕತೆಯ ಗುಣಾಂಕ ಸುಮಾರು 200 ಗಿಗಾಪ್ಯಾಸ್ಕಲ್, ಹೆಚ್ಚುಕಡಿಮೆ ಒಂದೇ. ಬಾಗು ಕಡಿಮೆಯಾಗಬೇಕಾದರೆ ವ್ಯಾಸ ಹೆಚ್ಚಬೇಕು ಅಥವಾ ಬೇರಿಂಗ್‌ಗಳು ಹತ್ತಿರ ಬರಬೇಕು. ವ್ಯಾಸ 50ರಿಂದ 60 ಆದರೆ ಬಾಗು ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಅದು ವ್ಯಾಸದ ನಾಲ್ಕನೇ ಘಾತವನ್ನು ಅವಲಂಬಿಸಿದೆ. ಎರಡನೇ ವರ್ಷದಲ್ಲಿ ಓದಿದ ಸೂತ್ರವೇ ಇದು. ಪರೀಕ್ಷೆಯಲ್ಲಿ ಬರೆದವರೂ ಗಿರಣಿಯಲ್ಲಿ ನಿಂತಾಗ "ಒಳ್ಳೆಯ ಮಾಲು ಹಾಕಿ" ಎನ್ನುತ್ತಾರೆ.

ಹಾಗಾದರೆ ಮೂಲೆಯನ್ನು ಬೇಕಾದಷ್ಟು ದುಂಡಗೆ ಮಾಡಿದರಾಯಿತಲ್ಲ ಎನ್ನಬಹುದು. ಆಗುವುದಿಲ್ಲ. ಬೇರಿಂಗಿನ ಒಳ ಉಂಗುರದ ಅಂಚಿಗೂ ಒಂದು ದುಂಡು ಇರುತ್ತದೆ. ಶಾಫ್ಟಿನ ದುಂಡು ಅದಕ್ಕಿಂತ ದೊಡ್ಡದಾದರೆ ಬೇರಿಂಗ್ ಮೆಟ್ಟಿಲಿಗೆ ಒರಗದೆ ಮೂಲೆಯ ಮೇಲೆ ಹತ್ತಿ ಕೂರುತ್ತದೆ. 50 ಮಿಲಿಮೀಟರಿನ 6310 ಬೇರಿಂಗಿಗೆ ಕ್ಯಾಟಲಾಗಿನಲ್ಲಿ ಕೊಟ್ಟಿರುವ ಮಿತಿ 2 ಮಿಲಿಮೀಟರ್ ರೇಡಿಯಸ್. ಅದಕ್ಕಿಂತ ದೊಡ್ಡ ದುಂಡು ಬೇಕಾದರೆ ನಡುವೆ ಒಂದು ಸ್ಪೇಸರ್ ಉಂಗುರ ಹಾಕಿ, ಮೂಲೆಯನ್ನು ಅದರ ಕೆಳಗೆ ಬಚ್ಚಿಡಬೇಕು. ಇಲ್ಲಿ ನಾವು ಮಾಡಿದ್ದು ಅಷ್ಟೇ: ನಡುಭಾಗ ಮತ್ತೆ ತೆಳ್ಳಗಾಯಿತು, ಮೂಲೆ ದುಂಡಾಯಿತು, ಸ್ಪೇಸರ್ ಬಂತು, ಮಾಲು ಇಎನ್‌8ರಲ್ಲೇ ಉಳಿಯಿತು.

ಇದರಲ್ಲಿ ಲೇಥ್ ಮಿಸ್ತ್ರಿಯನ್ನು ದೂರಿದವರೂ ಇದ್ದರು. ನನಗೆ ಅದು ಒಪ್ಪಿಗೆಯಿಲ್ಲ. ಡ್ರಾಯಿಂಗಿನಲ್ಲಿ ಬರೆಯದ ರೇಡಿಯಸ್ಸು ಮಿಸ್ತ್ರಿಯ ಟೂಲಿನ ಮೊನೆಯಲ್ಲಿ ತೀರ್ಮಾನವಾಗುತ್ತದೆ, ಚೂಪು ಟೂಲು ಚೂಪು ಮೂಲೆ ಬಿಡುತ್ತದೆ. "ಇಲ್ಲಿ 2 ಮಿಲಿಮೀಟರ್ ರೇಡಿಯಸ್" ಎಂದು ಒಂದು ಗೆರೆ ಎಳೆದು ಬರೆದಿದ್ದರೆ ಅವನು ಟೂಲನ್ನು ಹಾಗೆ ಸಾಣೆ ಹಿಡಿದು ಮಾಡಿಕೊಡುತ್ತಿದ್ದ. ಮಿಸ್ತ್ರಿಗಳ ವಿಷಯದಲ್ಲಿ ನನ್ನ ತಕರಾರು ಬೇರೆ: ಸವೆದ ಬೇರಿಂಗ್ ಜಾಗಕ್ಕೆ ವೆಲ್ಡಿಂಗ್ ತುಂಬಿ ಮತ್ತೆ ಟರ್ನಿಂಗ್ ಮಾಡುವ ಚಾಳಿ. ಇಎನ್‌8ರಲ್ಲಿ ಇಂಗಾಲ ಸುಮಾರು ಶೇಕಡಾ 0.4. ಮುಂಚೆ ಬಿಸಿ ಮಾಡದೆ ಅದಕ್ಕೆ ವೆಲ್ಡ್ ಹಾಕಿದರೆ ಪಕ್ಕದ ಲೋಹ ಪೆಡಸಾಗಿ, ಕಣ್ಣಿಗೆ ಕಾಣದ ಬಿರುಕುಗಳು ಅಂದೇ ಹುಟ್ಟಿಕೊಳ್ಳುತ್ತವೆ. ಹಂಗಾಮು ಮುಗಿಯುವವರೆಗೆ ನಡೆಯಲಿ ಎಂದು ಹಾಗೆ ಮಾಡುವುದಾದರೆ ಮಾಡಿ, ಹೊಸ ಶಾಫ್ಟಿಗೆ ಅಂದೇ ಹೇಳಿಡಿ.

ಒಳಮೂಲೆಯ ಈ ಪಾಠ ಹೊಸದೇನಲ್ಲ. 1842ರ ಮೇ 8ರಂದು ವರ್ಸೈಯಿಂದ ಪ್ಯಾರಿಸ್ಸಿಗೆ ಹೊರಟ ರೈಲಿನ ಎಂಜಿನ್ನಿನ ಅಚ್ಚು (ಆಕ್ಸಲ್) ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಕಂಪನದಿಂದ ಕಬ್ಬಿಣ ಹರಳುಗಟ್ಟುತ್ತದೆ ಎಂಬುದು ಆ ಕಾಲದ ನಂಬಿಕೆ. ಇನ್ನೂ ಇಪ್ಪತ್ತೈದೂ ತುಂಬದ ಸ್ಕಾಟ್ಲೆಂಡಿನ ರ‍್ಯಾಂಕಿನ್ 1843ರಲ್ಲಿ ಮುರಿದ ಅಚ್ಚುಗಳನ್ನು ಪರೀಕ್ಷಿಸಿ, ಬಿರುಕು ಮೂಲೆಯಿಂದ ಮೆಲ್ಲಗೆ ಒಳಹೊಗುತ್ತದೆ, ಆ ಮೂಲೆಯನ್ನು ದುಂಡಗೆ ಮಾಡಿ ಎಂದ. ಬಳಿಕ ಜರ್ಮನಿಯ ವೋಲರ್ ರೈಲ್ವೆ ಅಚ್ಚುಗಳನ್ನು ವರ್ಷಗಟ್ಟಲೆ ತಿರುಗಿಸಿ ಪರೀಕ್ಷಿಸಿದ. ಒಂದು ಮಿತಿಯ ಕೆಳಗಿನ ಒತ್ತಡದಲ್ಲಿ ಉಕ್ಕು ಎಷ್ಟು ತಿರುಗಿದರೂ ಮುರಿಯುವುದಿಲ್ಲ ಎಂದು ತೋರಿಸಿದ. ಪಠ್ಯಗಳಲ್ಲಿ ಆ ಮಿತಿಗೆ ಸುಮಾರು ಹತ್ತು ಲಕ್ಷದಿಂದ ಒಂದು ಕೋಟಿ ಸುತ್ತುಗಳ ಲೆಕ್ಕ ಕೊಟ್ಟಿರುತ್ತಾರೆ. ಒಂದು ಕೋಟಿ ಎಂದರೆ ಬಹಳ ಅನ್ನಿಸುತ್ತದೆ. ನಿಮಿಷಕ್ಕೆ 720 ಸುತ್ತುವ ಬ್ಲೋವರಿಗೆ ಅದು ಹಗಲುರಾತ್ರಿ ನಡೆದರೆ ಹತ್ತು ದಿನವೂ ಅಲ್ಲ. ಆದ್ದರಿಂದ ಹೊಸ ಶಾಫ್ಟ್ ತಿಂಗಳೊಳಗೆ ಮುರಿದರೆ ಡ್ರಾಯಿಂಗನ್ನು ಅನುಮಾನಿಸಿ. ಎರಡು ವರ್ಷ ಚೆನ್ನಾಗಿ ನಡೆದು ಮುರಿದರೆ ಡ್ರಾಯಿಂಗನ್ನು ಬಿಟ್ಟು, ನಡುವೆ ಏನು ಬದಲಾಯಿತು ಎಂದು ಹುಡುಕಿ: ಬೆಲ್ಟ್ ವಿಪರೀತ ಬಿಗಿದರೇ, ಪುಲ್ಲಿ ಓರೆಯಾಯಿತೇ, ಹೊಟ್ಟಿನ ಸಿಲಿಕಾ ಉಜ್ಜಿ ರೆಕ್ಕೆಗಳು ಸವೆದು ತೂಕ ತಪ್ಪಿತೇ, ತುಕ್ಕು ಹಿಡಿಯಿತೇ.

ಬೆಲ್ಟಿನ ಮಾತು ಬಂದದ್ದಕ್ಕೆ ಇಷ್ಟು: ಬಾಲ್ ಬೇರಿಂಗಿನ ಮೇಲೆ ಹೊರೆ ಇಮ್ಮಡಿಯಾದರೆ ಆಯುಷ್ಯ ಎಂಟನೇ ಒಂದಕ್ಕೆ ಇಳಿಯುತ್ತದೆ. ಬೇರಿಂಗ್ ಕಂಪನಿಯನ್ನು ಬೈಯುವ ಮುನ್ನ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ.

ಈಗ ಸಾಫ್ಟ್‌ವೇರಿನ ಪ್ರಶ್ನೆಗೆ. ಯಂತ್ರಭಾಗದ ಆಕಾರ ಬಿಡಿಸುವ ಸಾಲಿಡ್‌ವರ್ಕ್ಸ್ ಕಲಿಯಿರಿ, ಅದರ ಒತ್ತಡ ಲೆಕ್ಕ ಹಾಕುವ ಆನ್ಸಿಸ್ ಕಲಿಯಿರಿ, ಬೇಡವೆನ್ನುವುದಿಲ್ಲ. ಕೆಲಸಕ್ಕೆ ಕರೆಯುವವರು ಕೇಳುತ್ತಾರೆ. ಆದರೆ ತಿಂಗಳುಗಟ್ಟಲೆ ಶುಲ್ಕ ಕಟ್ಟಿ ಪ್ರಮಾಣಪತ್ರ ತಂದವರಿಗೆ ನಾನು ಕೊಡುವ ಪರೀಕ್ಷೆ ಒಂದಿದೆ. ಚೂಪು ಒಳಮೂಲೆಯಿರುವ ಮೆಟ್ಟಿಲು ಶಾಫ್ಟನ್ನು ಆನ್ಸಿಸ್‌ನಲ್ಲಿ ಬಿಡಿಸಿ, ಮೂಲೆಯ ಒತ್ತಡ ಎಷ್ಟು ಹೇಳಿ ಎನ್ನುತ್ತೇನೆ. ಒಂದು ಅಂಕಿ ಹೇಳುತ್ತಾರೆ. ಮೆಶ್ಶನ್ನು, ಅಂದರೆ ಲೆಕ್ಕಕ್ಕಾಗಿ ಶಾಫ್ಟನ್ನು ಹಂಚಿದ ಪುಟ್ಟ ತುಂಡುಗಳ ಅಳತೆಯನ್ನು, ಅರ್ಧ ಮಾಡಿ ಮತ್ತೆ ನೋಡಿ ಎಂದರೆ ಅಂಕಿ ಏರುತ್ತದೆ. ಇನ್ನೂ ಅರ್ಧ ಮಾಡಿದರೆ ಇನ್ನೂ ಏರುತ್ತದೆ, ಎಲ್ಲಿಯೂ ನಿಲ್ಲುವುದಿಲ್ಲ. ಏಕೆಂದರೆ ಗಣಿತದಲ್ಲಿ ಶೂನ್ಯ ರೇಡಿಯಸ್ಸಿನ ಮೂಲೆಗೆ ಒತ್ತಡ ಅನಂತ. ಇದನ್ನು ಅರಿತವರು ಮೊದಲು ಮೂಲೆಗೆ ನಿಜವಾದ ರೇಡಿಯಸ್ ಕೊಟ್ಟು, ಅಂಕಿ ನಿಲ್ಲುವ ತನಕ ಮೆಶ್ ಸಣ್ಣದು ಮಾಡುತ್ತಾರೆ. ಅರಿಯದವರು ಕೆಂಪು ಬಣ್ಣದ ಚಿತ್ರವನ್ನು ಪ್ರಾಜೆಕ್ಟ್ ವರದಿಗೆ ಅಂಟಿಸುತ್ತಾರೆ. ಗಿರಣಿಯ ಮುರಿದ ತುಂಡನ್ನು ಒಮ್ಮೆ ಕೈಯಲ್ಲಿ ಹಿಡಿದವರು ಈ ಪರೀಕ್ಷೆಯಲ್ಲಿ ಎಡವುವುದು ಕಡಿಮೆ.

ಡಿಸೈನ್ ಎಂದರೆ ಒತ್ತಡದ ಲೆಕ್ಕವಷ್ಟೇ ಅಲ್ಲ ಎಂಬುದನ್ನು ನಮ್ಮ ಭಾಗದವರಿಗೆ ತುಂಗಭದ್ರೆಯೇ ತೋರಿಸಿದ್ದಾಳೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಗೇಟಿನ ಅಳತೆ ಅಗಲ 60 ಅಡಿ, ಎತ್ತರ 20 ಅಡಿ. ತುಂಬಿದ ನೀರು ಅದನ್ನು ತಳ್ಳುವ ಬಲ ಎಷ್ಟೆಂದು ವಿದ್ಯಾರ್ಥಿಗಳು ಕೈಯಲ್ಲೇ ಲೆಕ್ಕ ಹಾಕಬಹುದು, ಸುಮಾರು 340 ಟನ್ ಬರುತ್ತದೆ. ಸರಪಳಿ ಹೊರುವುದು ಅಷ್ಟನ್ನೂ ಅಲ್ಲ, ಗೇಟಿನ ತೂಕವನ್ನು ಮತ್ತು ಆ ತಳ್ಳುವಿಕೆಯಿಂದ ಹುಟ್ಟುವ ಘರ್ಷಣೆಯನ್ನು. ಲೆಕ್ಕ ಇಷ್ಟು ಸುಲಭ. ಇದರ ನಂತರದ ಪ್ರಶ್ನೆಗಳು ಕಠಿಣ: ಕೊಂಡಿಯೊಂದು ಕೈಕೊಟ್ಟರೆ ಗೇಟು ಎಲ್ಲಿಗೆ ಹೋಗುತ್ತದೆ, ಅದನ್ನು ಹಿಡಿಯಲು ಇನ್ನೇನಿದೆ, ಕೊಂಡಿಯ ಒಳಮೈಯನ್ನು ಯಾರು, ಹೇಗೆ, ಎಷ್ಟು ದಿನಕ್ಕೊಮ್ಮೆ ನೋಡಬಲ್ಲರು? ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಸುಮಾರು ಒಂದು ವಾರದಲ್ಲಿ ಹರಿಯುವ ನೀರಿನಲ್ಲೇ ಅದನ್ನು ತಡೆಯುವ ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದ್ದನ್ನು ನಾವೆಲ್ಲ ನೋಡಿದೆವು. ವೃತ್ತಿಯಿಂದ ನಿವೃತ್ತಿಯ ವಯಸ್ಸು ದಾಟಿದ ಒಬ್ಬರಿಗಾಗಿ ಸರ್ಕಾರಗಳು ಹುಡುಕಾಡಬೇಕಾಯಿತು ಎಂಬುದನ್ನು, ಈ ಶಾಖೆಯಲ್ಲಿ ಭವಿಷ್ಯವಿಲ್ಲ ಎನ್ನುವವರು ಒಮ್ಮೆ ಯೋಚಿಸಲಿ.

ಗುತ್ತಿಗೆ ಕೆಲಸದ ಹುಡುಗನಿಗೆ ನನ್ನ ಮಾತು ನೇರ. ಸಂಬಳ ಕಡಿಮೆ, ಬೇಸಿಗೆಯಲ್ಲಿ ಬಿಸಿಲು ವಿಪರೀತ, ಇದನ್ನು ಚೆಂದ ಮಾಡಿ ಹೇಳುವ ಅಗತ್ಯವಿಲ್ಲ. ಆದರೆ ಶಟ್‌ಡೌನ್ ಸಮಯದಲ್ಲಿ ಯಂತ್ರ ಬಿಚ್ಚುವ ಕಡೆ ನಿಲ್ಲಲು ಅವಕಾಶವಿದ್ದರೆ ಎರಡು ಮೂರು ವರ್ಷ ಅಲ್ಲಿರುವುದು ನಷ್ಟವಲ್ಲ. ಬಿಸಿಗಾಳಿಯ ಫ್ಯಾನಿನಲ್ಲಿ ಒಂದು ಬೇರಿಂಗನ್ನು ಬಿಗಿದು ಇನ್ನೊಂದನ್ನು ಜರುಗಲು ಏಕೆ ಬಿಡುತ್ತಾರೆ ಎಂಬುದು ಅಲ್ಲಿ ಒಮ್ಮೆ ನೋಡಿದರೆ ಸಾಕು: ಎರಡು ಮೀಟರ್ ಶಾಫ್ಟಿನ ಬಿಸಿ ಇದ್ದದ್ದಕ್ಕಿಂತ 150 ಡಿಗ್ರಿ ಏರಿದರೆ ಅದು ಮೂರೂವರೆ ಮಿಲಿಮೀಟರಿಗಿಂತ ಹೆಚ್ಚು ಉದ್ದವಾಗುತ್ತದೆ, ಅದಕ್ಕೆ ಹೋಗಲು ಜಾಗ ಬೇಕು. ಬರೀ ಹಾಜರಿ ಪುಸ್ತಕ ತುಂಬಿಸುವ, ಗೇಟ್ ಪಾಸ್ ಬರೆಯುವ ಕೆಲಸ ಕೊಟ್ಟಿದ್ದರೆ ಆರು ತಿಂಗಳಲ್ಲಿ ಬಿಟ್ಟುಬಿಡಿ. ಡಿಪ್ಲೊಮಾ ಮಾಡಿದವರು ತಮಗಿರುವ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಬಿಇ ಎರಡನೇ ವರ್ಷಕ್ಕೆ ಸೇರುವ ದಾರಿಯೂ ಇದೆ. ಉಪಕರಣ ತಯಾರಿಕೆಯಲ್ಲಿ ಆಸಕ್ತಿಯಿರುವ ಎಸ್ಸೆಸ್ಸೆಲ್ಸಿ ಮಕ್ಕಳು ಲಿಂಗಸೂಗೂರಿನ ಜಿಟಿಟಿಸಿಯನ್ನು (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಒಮ್ಮೆ ಹೋಗಿ ನೋಡಲಿ.

ಎಂಟೆಕ್ ಪ್ರವೇಶಕ್ಕೆ ಬೇಕಾಗುವ ಗೇಟ್ ಪರೀಕ್ಷೆಯ ಅಂಕ ಮೂರು ವರ್ಷ ಚಲಾವಣೆಯಲ್ಲಿರುತ್ತದೆ, ಹಾಗಾಗಿ ಅಂತಿಮ ವರ್ಷದಲ್ಲೇ ಒಮ್ಮೆ ಬರೆದಿಟ್ಟರೆ ಒಳ್ಳೆಯದು. ಮುಂದಿನ ಓದಿನ ಕಡೆ ಅಥವಾ ಸರ್ಕಾರಿ ಕೆಲಸದ ಕಡೆ ನೋಡುವವರಿಗೆ ಸಂವಿಧಾನದ 371ಜೆ ವಿಧಿಯಡಿ ನಮ್ಮ ಜಿಲ್ಲೆಗಳಿಗೆ ಮೀಸಲಾತಿಯಿದೆ: ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 70 ಸೀಟು, ಉಳಿದ ಕರ್ನಾಟಕದಲ್ಲಿ ಶೇಕಡಾ 8, ಸ್ಥಳೀಯ ಹುದ್ದೆಗಳಲ್ಲಿ ಎ ಮತ್ತು ಬಿ ವೃಂದಕ್ಕೆ 75, ಸಿ ವೃಂದಕ್ಕೆ 80. ಇದರ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ನೇಮಕಾತಿ ಅಧಿಸೂಚನೆ ಬಂದ ಮೇಲೆ ಕಚೇರಿಗೆ ಅಲೆಯುವ ಬದಲು, ತಂದೆತಾಯಿಯ ವಾಸದ ದಾಖಲೆಗಳನ್ನು ಜೋಡಿಸಿಕೊಂಡು ಈ ರಜೆಯಲ್ಲೇ ಅರ್ಜಿ ಹಾಕಿಬಿಡಿ.