ಇಂಗ್ಲೆಂಡಿನ ಪ್ರೊಬೇಷನ್ ಕೆಟ್ಟದ್ದು ಹೇಗೆ?

ಪ್ರೊಬೇಷನ್ ಎಂದರೆ ನಮಗೆ ಹೊಸದಾಗಿ ನೌಕರಿಗೆ ಸೇರಿದವರೇ ನೆನಪಾಗುತ್ತಾರೆ. ನ್ಯಾಯಾಲಯದಲ್ಲಿ ಅದರ ಅರ್ಥ ಬೇರೆ: ತಪ್ಪು ಮಾಡಿದವನನ್ನು ಜೈಲಿಗೆ ಹಾಕದೆ, ಇಲ್ಲವೇ ಜೈಲಿನಿಂದ ಬಿಟ್ಟ ಮೇಲೆ, ಅಧಿಕಾರಿಯೊಬ್ಬರ ನಿಗಾದಲ್ಲಿ ಊರೊಳಗೇ ಇರಿಸುವುದು. ಬ್ರಿಟನ್ನಿನ 1907ರ ಕಾಯ್ದೆ ಆ ಅಧಿಕಾರಿಗೆ ಹೇಳಿದ್ದು ಬುದ್ಧಿ ಹೇಳು, ನೆರವಾಗು, ಗೆಳೆಯನಾಗು, ಬೇಕಾದರೆ ಕೆಲಸ ಹುಡುಕಿಕೊಡು ಎಂದು. (ನಮ್ಮ 1958ರ ಕಾಯ್ದೆಗೆ ಕೆಲಸ ಹುಡುಕುವ ಮಾತು ಹಾಗೇ ಬಂತು, ಗೆಳೆತನ ಬರಲಿಲ್ಲ.)

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಈ ಸೇವೆ 2014ರಲ್ಲಿ ಇಬ್ಭಾಗವಾಯಿತು. ನ್ಯಾಯ ಸಚಿವ ಕ್ರಿಸ್ ಗ್ರೇಲಿಂಗ್ ಕಾಲದಲ್ಲಿ, ಅದುವರೆಗೆ ಈ ಸೇವೆ ನಡೆಸುತ್ತಿದ್ದ 35 ಸರ್ಕಾರಿ ಟ್ರಸ್ಟುಗಳು ಮುಚ್ಚಿದವು. ಹೆಚ್ಚು ಅಪಾಯದವರು ಸರ್ಕಾರಿ ಸೇವೆಯ ಪಾಲಾದರು, ಉಳಿದವರು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡ 21 ಕಂಪನಿಗಳ ಪಾಲಾದರು. ಎರಡು ವರ್ಷದೊಳಗೆ ಗಂಭೀರ ಅಪರಾಧ ಎಸಗುವ ಸಂಭವ ಶೇ 6.9 ದಾಟಿದರೆ ಅವನ ಕಡತ ಸರ್ಕಾರಿ ಸೇವೆಗೆ. ಹೀಗೆ ಯಾರು ಯಾರ ಪಾಲು ಎಂಬ ಗೆರೆಯನ್ನು ಅಂಕ ನೋಡಿಯೂ ಎಳೆದರು.

ಎಡವಟ್ಟಾದದ್ದು ಇಲ್ಲೇ. ಅಪಾಯ ಎನ್ನುವುದು ಜ್ವರದಂತೆ ಏರಿಳಿಯುತ್ತದೆ. ಮಧ್ಯಮ ಅಪಾಯದವನೊಬ್ಬ ಬಾಡಿಗೆ ಮನೆ ಕಳೆದುಕೊಂಡು, ಮತ್ತೆ ಕುಡಿತಕ್ಕೆ ಬಿದ್ದು, ಬಿಟ್ಟುಹೋದ ಹೆಂಡತಿಯ ಬಾಗಿಲು ತಟ್ಟತೊಡಗಿದ ಎನ್ನಿ. ಅವನನ್ನು ಬಲ್ಲ ಅಧಿಕಾರಿಯ ಕೈಯಲ್ಲೇ ಕಡತ ಇರಬೇಕಾದ ಹೊತ್ತದು. ಆದರೆ ಆಗಲೇ ಅರ್ಜಿ ತುಂಬಿ ಇನ್ನೊಂದು ಸಂಸ್ಥೆಗೆ ದಾಟಿಸಬೇಕಿತ್ತು. ಅಲ್ಲಿ ಅವನ ಮುಖ ಕಂಡವರೇ ಇಲ್ಲ.

ಹಣದ ಲೆಕ್ಕವೂ ತಪ್ಪಿತು. ಕಂಪನಿಗಳ ಆದಾಯ ಬರುವ ಪ್ರಕರಣಗಳ ಸಂಖ್ಯೆಗೆ ಕಟ್ಟುಬಿದ್ದಿತ್ತು, ಪ್ರಕರಣಗಳು ಅಂದಾಜಿನಷ್ಟು ಬರಲಿಲ್ಲ. ಬಾಡಿಗೆ, ಸಂಬಳ ಮಾತ್ರ ಇಳಿಯಲಿಲ್ಲ. ಕತ್ತರಿ ಬಿದ್ದದ್ದು ಭೇಟಿಯ ಮೇಲೆ: ಕೆಲವೆಡೆ ಆರು ವಾರಕ್ಕೊಂದು ಫೋನ್ ಕರೆಯೇ ನಿಗಾ. ಫೋನಿನಲ್ಲಿ ಬಾಯಿಯ ವಾಸನೆಯಾಗಲಿ ಕಣ್ಣ ಸುತ್ತಿನ ಕಪ್ಪಾಗಲಿ ತಿಳಿಯದು. ಮರುಅಪರಾಧ ಕಡಿಮೆಯಾದರೆ ಹೆಚ್ಚುವರಿ ಹಣ ಎಂಬ ಆಮಿಷವೂ ನಡೆಯಲಿಲ್ಲ. ಮನೆ, ಕೆಲಸ, ಚಟದ ಚಿಕಿತ್ಸೆ ಯಾವುದೂ ಕಂಪನಿಯ ಕೈಯಲ್ಲಿರಲಿಲ್ಲವಲ್ಲ!

ಈ ಮಾದರಿಯನ್ನು ರಿಪೇರಿ ಮಾಡಲಾಗದು ಎಂದು ಮುಖ್ಯ ತಪಾಸಣಾಧಿಕಾರಿ ಗ್ಲೆನಿಸ್ ಸ್ಟೇಸಿ 2019ರಲ್ಲಿ ಹೇಳಿಬಿಟ್ಟರು. 2021ರ ಜೂನ್‌ನಲ್ಲಿ ಎರಡೂ ಭಾಗ ಮತ್ತೆ ಸರ್ಕಾರದಡಿ ಒಂದಾದವು. ಒಪ್ಪಂದವನ್ನು ಒಂದು ಸಹಿಯಿಂದ ಮುಗಿಸಬಹುದು, ಈ ನಡುವೆ ಕೆಲಸ ಬಿಟ್ಟುಹೋದ ಅನುಭವಿ ಅಧಿಕಾರಿಗಳನ್ನು ತರಲಾಗದು. ಹೊಸ ಅಧಿಕಾರಿಯ ತರಬೇತಿಗೇ 15ರಿಂದ 21 ತಿಂಗಳು ಬೇಕು. ಅಷ್ಟರಲ್ಲಿ 2024ರ ಸೆಪ್ಟೆಂಬರ್ ಬಂತು. ಜೈಲು ತುಂಬಿದ್ದರಿಂದ ಹಲವರನ್ನು ಶಿಕ್ಷೆಯ ಅರ್ಧದ ಬದಲು ಶೇ 40 ಮುಗಿದಾಗಲೇ ಬಿಟ್ಟರು. ಅವರೆಲ್ಲರ ಕಡತ ಬಂದು ಬಿದ್ದದ್ದು ಇದೇ ಸೇವೆಯ ಮೇಜಿನ ಮೇಲೆ.