ಎರಡು ಕಾಯಿಲೆಗೆ ಒಂದೇ ಚೀಟಿ

ಆಕೆ ಮೇಜಿನ ಮೇಲಿಟ್ಟ ಸ್ಟ್ರಿಪ್ಪಿನಲ್ಲಿ ಹತ್ತು ಮಾತ್ರೆಗಳ ಪೈಕಿ ಆರು ಹಾಗೆಯೇ ಉಳಿದಿದ್ದವು. ನಾನು ಚೀಟಿ ಬರೆದು ಹತ್ತು ದಿನವಾಗಿತ್ತು. “ಕುಡಿದು ಬಂದ ದಿನ ಕೊಡಲು ಭಯವಾಗುತ್ತದೆ ಡಾಕ್ಟರೇ” ಎಂದರು. ಪಕ್ಕದಲ್ಲಿ ಗಂಡ ತಲೆ ತಗ್ಗಿಸಿ ಕುಳಿತಿದ್ದರು. ಯಾರೋ ಬೈಯುವ ದನಿ ಅವರ ಕಿವಿಯಲ್ಲಿ ಸದಾ ಕೇಳಿಸುತ್ತಿತ್ತು. ಅದನ್ನು ಅಡಗಿಸಲೆಂದೇ ಕುಡಿಯುತ್ತಿದ್ದರು. ಮದ್ಯ ಬಿಡಿಸುವ ಕೇಂದ್ರದವರು “ಮೊದಲು ತಲೆಯದ್ದು ಸರಿ ಮಾಡಿಸಿಕೊಳ್ಳಿ” ಎಂದು ಕಳಿಸಿದ್ದರು. ಇನ್ನೊಬ್ಬ ವೈದ್ಯರು “ಮೊದಲು ಕುಡಿತ ಬಿಟ್ಟು ಬನ್ನಿ” ಎಂದಿದ್ದರು. ಹೀಗೆ ಅಲೆದಾಡಿಸಿದ್ದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಯಾವುದು ಮೊದಲು ಬಂತೆಂದು ತಿಳಿಯುವುದು ಮುಖ್ಯ, ನಿಜ. ಅತಿಯಾದ ಕುಡಿತವೇ ದನಿ ಕೇಳಿಸಬಲ್ಲದು. ಕುಡಿತದಿಂದ ಹುಟ್ಟಿದ ಖಿನ್ನತೆ ಬಹುಪಾಲು ಮಂದಿಯಲ್ಲಿ ಬಿಟ್ಟ 2ರಿಂದ 4 ವಾರಗಳಲ್ಲಿ ತಿಳಿಯಾಗುತ್ತದೆ. ಹಾಗಾಗಿ ನಾನು ಕೇಳುವ ಒಂದು ಪ್ರಶ್ನೆಯಿದೆ: “ಅಯ್ಯಪ್ಪನ ಮಾಲೆ ಹಾಕಿದ್ದಿರಾ? ಆಗ ಹೇಗಿದ್ದಿರಿ?” ಇವರು 41 ದಿನ ಹನಿ ಮುಟ್ಟಿರಲಿಲ್ಲ. ದನಿ ಮಾತ್ರ ಬಿಟ್ಟಿರಲಿಲ್ಲ. ಅಂದರೆ ಕಾಯಿಲೆ ಎರಡು.

ಆದರೆ ಉತ್ತರ ಸಿಗುವವರೆಗೆ ಚಿಕಿತ್ಸೆ ಕಾಯಬೇಕಿಲ್ಲ. ದಿನವೂ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡು-ಮೂರನೆಯ ದಿನ ಸನ್ನಿ ಹಿಡಿಯಬಹುದು. ಹಾಗಾಗಿ ಆಕೆಯ ಗಂಡನನ್ನು ದಾಖಲಿಸಿಕೊಂಡು, ಥಯಮಿನ್ (ಬಿ1 ಜೀವಸತ್ವ) ಕೊಟ್ಟು ಕುಡಿತ ನಿಲ್ಲಿಸಿದೆವು. ದನಿಯ ಮಾತ್ರೆಯನ್ನೂ ಅದೇ ವಾರ್ಡಿನಲ್ಲಿ ಮುಂದುವರಿಸಿದೆವು. ಕುಡಿದ ದಿನವೂ ಆ ಮಾತ್ರೆ ತಪ್ಪಿಸಬೇಡಿ, ನಿದ್ರೆ ಮಾತ್ರೆಯನ್ನು ಮಾತ್ರ ಮುಟ್ಟಬೇಡಿ ಎಂದು ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟೆ. ಇದು ಅವರ ಮಾತ್ರೆಗೆ ಹೇಳಿದ್ದು. ನಿಮ್ಮದಕ್ಕೆ ನಿಮ್ಮ ವೈದ್ಯರನ್ನೇ ಕೇಳಿ. ಬೀಡಿ ಬಿಡುವ ಮುನ್ನವೂ ತಿಳಿಸಿ: ಹೊಗೆ ನಿಂತರೆ ದನಿ ಅಡಗಿಸಲು ಕೊಡುವ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳ ಪ್ರಮಾಣ ರಕ್ತದಲ್ಲಿ ಏರುತ್ತದೆ. ಊಟದಲ್ಲಿ ಗುಟ್ಟಾಗಿ ಬೆರೆಸುವ “ಕುಡಿತ ಬಿಡಿಸುವ ಪುಡಿ”ಯ ಸಹವಾಸ ದಯವಿಟ್ಟು ಬೇಡ. ಅದರಲ್ಲಿ ಮದ್ಯದೊಂದಿಗೆ ಸೇರಬಾರದ ಡೈಸಲ್ಫಿರಾಮ್ ಎಂಬ ಔಷಧಿ ಇದ್ದು ಮೇಲೆ ಮದ್ಯ ಬಿದ್ದರೆ ಜೀವಕ್ಕೇ ಅಪಾಯ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ತೊಂದರೆಯನ್ನೂ ಮಾನಸಿಕ ಅನಾರೋಗ್ಯದಲ್ಲೇ ಸೇರಿಸಿದೆ. ಎಲ್ಲಿಗೆ ಹೋಗುವುದೆಂದು ತಿಳಿಯದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು, ಉಚಿತ.

ಎರಡು ತಿಂಗಳ ಮೇಲೆ, ಊರ ಜಾತ್ರೆಯ ರಾತ್ರಿ ಅವರು ಮತ್ತೆ ಕುಡಿದರು. ಮರುದಿನ ಬೆಳಿಗ್ಗೆಯೇ ಇಬ್ಬರೂ ಬಂದರು. ಆಕೆ ಸ್ಟ್ರಿಪ್ ತೋರಿಸಿದರು. ಹಿಂದಿನ ರಾತ್ರಿಯ ಮಾತ್ರೆ ಅದರಲ್ಲಿ ಇರಲಿಲ್ಲ.